ಪುಟ ತಿರುಗದ ವರ್ಷಗಳು

“ಚಿಕ್ಕಂದಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೆ, ಈಗ ಒಂದು ಪುಸ್ತಕ ಮುಗಿಸುವುದೂ ಆಗುವುದಿಲ್ಲ” ಎನ್ನುವವರು ಅದಕ್ಕೆ ಕೊಡುವ ಕಾರಣ ಸಾಮಾನ್ಯವಾಗಿ ಒಂದೇ: ಪುರುಸೊತ್ತಿಲ್ಲ. ಇಲ್ಲದಿರುವುದು ನಿಜವೇ ಇರಬಹುದು. ಆದರೆ ರಜೆಯ ದಿನ, ಇಡೀ ಮಧ್ಯಾಹ್ನ ಖಾಲಿ ಬಿದ್ದಿರುವಾಗ ಅವರೇ ಪುಸ್ತಕ ಹಿಡಿದು ಕೂತರೂ ನಡೆಯುವುದು ಇಷ್ಟೇ. ಎರಡನೇ ಪುಟದಲ್ಲಿ ಒಂದೇ ಸಾಲನ್ನು ಎರಡು ಸಲ ಓದುತ್ತಾರೆ. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಅಧ್ಯಾಯ ಮುಗಿಯಲು ಇನ್ನೆಷ್ಟಿದೆ ಎಂದು ಮುಂದಕ್ಕೆ ತಿರುವಿ ನೋಡುತ್ತಾರೆ. ಏಳನೇ ಪುಟದ ಹೊತ್ತಿಗೆ ಕೈ ತಾನಾಗಿ ಮೊಬೈಲ್ ಕಡೆ ಹೋಗಿರುತ್ತದೆ. ಸಮಯ ಇದ್ದೂ ಓದು ಸಾಗದಿದ್ದಾಗ ಅವರು ಬರುವ ತೀರ್ಮಾನ: ಪುಸ್ತಕದ ಮೇಲಿನ ಪ್ರೀತಿಯೇ ಹೋಯಿತು.

ಹೋದದ್ದು ಪ್ರೀತಿಯಲ್ಲ, ಸಲೀಸು. ಓದು ಸರಾಗವಾಗಿ ಸಾಗುವುದು ಮೊದಲು ನಿಲ್ಲುತ್ತದೆ, ಇಷ್ಟ ಅದರ ಹಿಂದೆ ಹೋಗುತ್ತದೆ. ಮರಳಿ ತರುವಾಗಲೂ ಇದೇ ಕ್ರಮ ಹಿಡಿಯಬೇಕು. ಬಹಳ ಜನ ಇದನ್ನು ತಲೆಕೆಳಗು ಮಾಡಿ, ಎಲ್ಲರೂ ಹೊಗಳುವ ದಪ್ಪ ಪುಸ್ತಕವೊಂದನ್ನು ತಂದಿಟ್ಟುಕೊಂಡು, ಅದರ ಮೇಲೆ ಪ್ರೀತಿ ಹುಟ್ಟಲಿ ಎಂದು ಕಾಯುತ್ತಾರೆ. ಅದು ಹುಟ್ಟುವುದಿಲ್ಲ.

ಎಲ್ಲೆಲ್ಲಿ ಸೋರುತ್ತದೆ

ಮೊಬೈಲ್ ಬಂದು ಓದು ಹಾಳಾಯಿತು ಎನ್ನುವುದು ಅರ್ಧ ಸತ್ಯ. ಅಮೆರಿಕದ ಸರ್ಕಾರ ಶಾಲಾ ಮಕ್ಕಳ ಕಲಿಕೆಯ ಬಗ್ಗೆ ದಶಕಗಳಿಂದ ನಡೆಸುತ್ತಿರುವ ಸಮೀಕ್ಷೆಯಲ್ಲಿ, ಖುಷಿಗಾಗಿ ಎಷ್ಟು ಸಲ ಓದುತ್ತೀರಿ ಎಂದು 13 ವರ್ಷದವರನ್ನು ಕೇಳುತ್ತಾರೆ. ‘ಹೆಚ್ಚುಕಡಿಮೆ ದಿನವೂ’ ಎಂದವರು 1984ರಲ್ಲಿ ನೂರಕ್ಕೆ 35 ಇದ್ದರು. 2012ರಲ್ಲಿ 27, 2023ರಲ್ಲಿ 14. ಕೊನೆಯ ಹನ್ನೊಂದು ವರ್ಷಗಳಲ್ಲಿ ಸಂಖ್ಯೆ ಅರ್ಧಕ್ಕೆ ಇಳಿದದ್ದು ಕಣ್ಣಿಗೆ ಹೊಡೆಯುತ್ತದೆ, ಅದರಲ್ಲಿ ಪರದೆಯ ಪಾಲು ಇಲ್ಲ ಎಂದು ಯಾರೂ ವಾದಿಸಲಾರರು. ಆದರೆ 1984ರಲ್ಲೇ, ಯಾರ ಜೇಬಿನಲ್ಲೂ ಮೊಬೈಲ್ ಇಲ್ಲದ ಕಾಲದಲ್ಲೇ, ಆ ವಯಸ್ಸಿನ ಮೂವರಲ್ಲಿ ಇಬ್ಬರು ದಿನವೂ ಓದುತ್ತಿರಲಿಲ್ಲ. ಸೋರಿಕೆ ಹಳೆಯದು. ಅದು ಯಾವ ವಯಸ್ಸಿನಲ್ಲಿ ಹೇಗೆ ಶುರುವಾಗುತ್ತದೆ ಎಂದು ನೋಡಿದರೆ, ದೊಡ್ಡವರಾದ ಮೇಲೆ ಸರಿಪಡಿಸಬೇಕಾದದ್ದು ಏನು ಎಂಬುದೂ ಗೊತ್ತಾಗುತ್ತದೆ.

ಮೊದಲ ತೂತು ಎಂಟರಿಂದ ಹತ್ತು ವರ್ಷದ ನಡುವೆ. ಅಮೆರಿಕದ ಶಿಕ್ಷಣ ಸಂಶೋಧಕಿ ಜೀನ್ ಚಾಲ್ 1983ರಲ್ಲಿ ಓದಿನ ಬೆಳವಣಿಗೆಯನ್ನು ಹಂತಗಳಾಗಿ ವಿಂಗಡಿಸಿ ತೋರಿಸಿದರು. ಸುಮಾರು ಮೂರನೇ ತರಗತಿಯವರೆಗೆ ಮಗು ಓದಲು ಕಲಿಯುತ್ತದೆ, ನಾಲ್ಕರಿಂದ ಮುಂದೆ ಓದಿ ಕಲಿಯಬೇಕಾಗುತ್ತದೆ. ಅಲ್ಲಿಯವರೆಗಿನ ಪುಸ್ತಕಗಳಲ್ಲಿದ್ದ ಮಾತುಗಳು ಮಗುವಿಗೆ ಕೇಳಿ ಗೊತ್ತಿದ್ದವು, ಅಕ್ಷರ ಕೂಡಿಸಿದರೆ ಅರ್ಥ ತಾನಾಗಿ ಬರುತ್ತಿತ್ತು. ನಾಲ್ಕನೇ ತರಗತಿಯಲ್ಲಿ ದ್ಯುತಿಸಂಶ್ಲೇಷಣೆ ಬರುತ್ತದೆ, ಸಾಮ್ರಾಜ್ಯ ವಿಸ್ತರಣೆ ಬರುತ್ತದೆ. ಅಕ್ಷರ ಕೂಡಿಸಿದರೂ ಅರ್ಥ ಬರುವುದಿಲ್ಲ. ಚಿತ್ರಗಳು ಕಡಿಮೆಯಾಗುತ್ತವೆ, ಸಾಲುಗಳು ಒತ್ತಾಗುತ್ತವೆ. ಆಗಲೇ ಸಲೀಸಾಗಿ ಓದುತ್ತಿರುವ ಮಗು ಇದನ್ನು ದಾಟಿಬಿಡುತ್ತದೆ. ಇನ್ನೂ ಅಕ್ಷರಕ್ಕೆ ಗಮನ ಕೊಡಬೇಕಾದ ಮಗುವಿಗೆ ಅರ್ಥಕ್ಕೆ ಕೊಡಲು ಗಮನವೇ ಉಳಿಯುವುದಿಲ್ಲ.

ಇದೇ ಹೊತ್ತಿಗೆ ಮನೆಯವರು ಇನ್ನೊಂದು ಕೆಲಸ ಮಾಡುತ್ತಾರೆ, ಅದೂ ಒಳ್ಳೆಯ ಉದ್ದೇಶದಿಂದಲೇ. “ಈಗ ನಿನಗೇ ಓದಕ್ಕೆ ಬರುತ್ತಲ್ಲ, ನೀನೇ ಓದಿಕೋ” ಎಂದು ಗಟ್ಟಿಯಾಗಿ ಓದಿ ಹೇಳುವುದನ್ನು ನಿಲ್ಲಿಸಿಬಿಡುತ್ತಾರೆ. ಎಂಟು ವರ್ಷದ ಮಗು ಕೇಳಿ ಅರ್ಥ ಮಾಡಿಕೊಳ್ಳಬಲ್ಲ ಕತೆ, ತಾನೇ ಓದಿ ಅರ್ಥ ಮಾಡಿಕೊಳ್ಳಬಲ್ಲ ಕತೆಗಿಂತ ಎಷ್ಟೋ ಮುಂದಿರುತ್ತದೆ. ಈ ಅಂತರ ಮುಚ್ಚಿಕೊಳ್ಳುವುದು ಹದಿಹರೆಯದ ಹೊಸ್ತಿಲಲ್ಲಿ. ಓದಿ ಹೇಳುವುದು ನಿಂತ ದಿನ ಆ ಮಗುವಿಗೆ ಸಿಗುವ ಕತೆಗಳ ಮಟ್ಟ ಒಮ್ಮೆಲೇ ಎರಡು ಮೂರು ವರ್ಷ ಹಿಂದಕ್ಕೆ ಜಾರುತ್ತದೆ. ಓದಲು ಬರುವುದು ಬೇಸರ, ಬೇಕಾದದ್ದು ಓದಲು ಬರುವುದಿಲ್ಲ. ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ದರೆ ಹತ್ತು ಹನ್ನೊಂದರವರೆಗೆ ರಾತ್ರಿ ಹದಿನೈದು ನಿಮಿಷ ಓದಿ ಹೇಳುವುದನ್ನು ಬಿಡಬೇಡಿ. ಅವರೇ ಸರಾಗವಾಗಿ ಓದುವವರಾಗಿದ್ದರೂ ಬಿಡಬೇಡಿ.

ಎರಡನೆಯದು ಬಹುಮಾನ. ಹತ್ತು ಪುಸ್ತಕ ಓದಿದರೆ ಒಂದು ನಕ್ಷತ್ರ, ಇಪ್ಪತ್ತಕ್ಕೆ ಪ್ರಮಾಣಪತ್ರ, ದಿನಕ್ಕೆಷ್ಟು ಪುಟ ಓದಿದೆ ಎಂದು ಬರೆದು ಪೋಷಕರ ಸಹಿ. ಇದು ಏನು ಮಾಡುತ್ತದೆ ಎಂಬುದಕ್ಕೆ 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಶಿಶುವಿಹಾರವೊಂದರಲ್ಲಿ ಮಾಡಿದ ಪ್ರಯೋಗವನ್ನು ಇಂದಿಗೂ ಎತ್ತಿ ಹೇಳುತ್ತಾರೆ. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ತಾವಾಗಿಯೇ ಖುಷಿಪಡುವ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬರೆದರೆ ಬಹುಮಾನ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಕೊಡಲೇ ಇಲ್ಲ. ಕೆಲವು ದಿನ ಕಳೆದು ಆಟದ ಸಮಯದಲ್ಲಿ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದಾಗ, ಬಹುಮಾನದ ಮಾತು ಮೊದಲೇ ಕೇಳಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಖುಷಿಗೆ ಮಾಡುತ್ತಿದ್ದದ್ದು ಕೂಲಿಗೆ ಮಾಡುವಂಥದ್ದಾಗಿತ್ತು. ಗಮನಿಸಬೇಕಾದದ್ದು, ಹೇಳದೆ ಕೊಟ್ಟ ಬಹುಮಾನ ಇಂಥ ಹಾನಿ ಮಾಡಲಿಲ್ಲ. ಮಗುವಿಗೆ ಪುಸ್ತಕ ಉಡುಗೊರೆ ಕೊಡುವುದರಲ್ಲಿ ತಪ್ಪಿಲ್ಲ, ಇಷ್ಟು ಓದಿದರೆ ಇಷ್ಟು ಎಂಬ ಲೆಕ್ಕದಲ್ಲಿದೆ ತಪ್ಪು.

ಮೂರನೆಯದು ಪರೀಕ್ಷೆ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ತೂತು ಇದೇ. ಲೂಯಿಸ್ ರೋಸೆನ್‌ಬ್ಲಾಟ್ ಎಂಬ ಸಾಹಿತ್ಯ ಚಿಂತಕಿ 1978ರಲ್ಲಿ ಓದಿನ ಎರಡು ಬಗೆಗಳನ್ನು ಗುರುತಿಸಿದರು. ಓದಿ ಮುಗಿಸಿದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ ಎಂಬುದಕ್ಕಾಗಿ ಓದುವುದು ಒಂದು, ಔಷಧದ ಬಾಟಲಿಯ ಮೇಲಿನ ಸೂಚನೆಯ ಹಾಗೆ. ಓದುತ್ತಿರುವಾಗ ಒಳಗೆ ಏನಾಗುತ್ತದೆ ಎಂಬುದಕ್ಕಾಗಿಯೇ ಓದುವುದು ಇನ್ನೊಂದು. ಒಂದೇ ಕವಿತೆಯನ್ನು ಎರಡು ರೀತಿಯಲ್ಲೂ ಓದಬಹುದು. ಪರೀಕ್ಷೆಯ ಹತ್ತು ಹನ್ನೆರಡು ವರ್ಷಗಳು ಮೊದಲ ಬಗೆಯನ್ನು ಮಾತ್ರ ತಿದ್ದಿ ತೀಡಿ ಗಟ್ಟಿ ಮಾಡುತ್ತವೆ. ಗೆರೆ ಎಳೆ, ಮುಖ್ಯಾಂಶ ಬರೆದುಕೋ, ಯಾವುದು ಪ್ರಶ್ನೆಯಾಗಿ ಬರಬಹುದೆಂದು ನೋಡು. ಓದು ಮುಗಿಸಿ ಕೆಲಸ ಹಿಡಿದವರು ಕಾದಂಬರಿ ಕೈಗೆತ್ತಿಕೊಂಡರೂ ಒಳಗಿನ ವಿದ್ಯಾರ್ಥಿ ಪೆನ್ಸಿಲ್ ಹಿಡಿದೇ ಕೂತಿರುತ್ತಾನೆ. ಇದರಿಂದ ನಾನೇನು ಕಲಿತೆ, ಇದರ ಉಪಯೋಗವೇನು, ಪಾತ್ರಗಳ ಹೆಸರೆಲ್ಲ ನೆನಪಿದೆಯೇ ಎಂದು ಕೇಳುತ್ತಲೇ ಇರುತ್ತಾನೆ. ಓದಿದ್ದು ಮರೆತುಹೋಗುತ್ತದೆ, ಹಾಗಾಗಿ ಓದಿ ಏನು ಪ್ರಯೋಜನ ಎಂಬ ಮಾತು ಇಲ್ಲಿಂದಲೇ ಹುಟ್ಟುವುದು. ಕಳೆದ ವರ್ಷ ಕೇಳಿದ ಹಾಡಿನ ಸಾಹಿತ್ಯ ಮರೆತಿದೆ ಎಂದು ಯಾರೂ ಹಾಡು ಕೇಳುವುದನ್ನು ಬಿಡುವುದಿಲ್ಲ.

ಹದಿಮೂರು ಹದಿನಾಲ್ಕರಲ್ಲಿ ಇನ್ನೊಂದು ತೊಡಕಿದೆ. ಮಕ್ಕಳ ಪುಸ್ತಕ ಚಿಕ್ಕದಾಗುತ್ತದೆ, ದೊಡ್ಡವರ ಪುಸ್ತಕ ಇನ್ನೂ ದೊಡ್ಡದು. ಈ ಸಂದಿಯನ್ನು ದಾಟಿಸುವುದು ಪತ್ತೇದಾರಿ, ಭೂತ, ಸಾಹಸ, ಕಾಮಿಕ್ಸ್, ಕ್ರೀಡಾಪಟುಗಳ ಕತೆ. ‘ಕೆಲಸಕ್ಕೆ ಬಾರದ್ದು’ ಎಂದು ಹಿರಿಯರು ಕಿತ್ತಿಡುವುದು ಸರಿಯಾಗಿ ಇವುಗಳನ್ನೇ. ದಾಟಬೇಕಾದ ಹುಡುಗ ಆಚೆ ದಡಕ್ಕೆ ಹೋಗುವುದೇ ಇಲ್ಲ.

ಕಣ್ಣು ಕಲಿತ ಹೊಸ ಚಾಳಿ

ಓದುವಾಗ ಕಣ್ಣು ಸಾಲಿನ ಮೇಲೆ ನುಣ್ಣಗೆ ಜಾರುವುದಿಲ್ಲ. ಫ್ರಾನ್ಸಿನ ಕಣ್ಣಿನ ವೈದ್ಯ ಎಮಿಲ್ ಜವಾಲ್ 1870ರ ದಶಕದ ಕೊನೆಯಲ್ಲಿ ಹೇಳಿದಂತೆ ಅದು ಪುಟ್ಟ ಪುಟ್ಟ ನೆಗೆತಗಳಲ್ಲಿ ಸಾಗುತ್ತದೆ. ಒಂದೊಂದು ತಂಗುವಿಕೆ ಸೆಕೆಂಡಿನ ಕಾಲು ಭಾಗದಷ್ಟು, ಆಮೇಲೆ ಮುಂದಿನ ಪದಕ್ಕೆ ಜಿಗಿತ. ಪಳಗಿದ ಓದುಗರ ಕಣ್ಣೂ ನೂರಕ್ಕೆ ಹತ್ತರಿಂದ ಹದಿನೈದು ಸಲ ಹಿಂದಕ್ಕೆ ನೆಗೆಯುತ್ತದೆ. ಆದ್ದರಿಂದ ಆಗಾಗ ಹಿಂದಿನ ಪದಕ್ಕೆ ಕಣ್ಣು ಹೋಯಿತೆಂದು ಗಾಬರಿಯಾಗಬೇಕಿಲ್ಲ. ಓದುವಾಗ ಒಳಗೊಂದು ದನಿ ಪದಗಳನ್ನು ಉಚ್ಚರಿಸುವುದೂ ದೋಷವಲ್ಲ. ಆ ದನಿಯನ್ನು ಅಡಗಿಸಿ ಮೂರು ಪಟ್ಟು ವೇಗ ಮಾಡಿಸುತ್ತೇವೆ ಎನ್ನುವ ತರಬೇತಿಗಳ ಮೇಲೆ ಹಣ ಹಾಕಬೇಡಿ. ವೇಗ ಏರಿದಷ್ಟೂ ಅರ್ಥ ಇಳಿಯುತ್ತದೆ ಎಂಬುದನ್ನು ಕೀತ್ ರೇನರ್ ಮತ್ತು ಜೊತೆಗಾರರು 2016ರ ವಿಮರ್ಶೆಯಲ್ಲಿ ವಿವರವಾಗಿ ತೋರಿಸಿದ್ದಾರೆ. ಇಂಗ್ಲಿಷಿನಲ್ಲಿ ಮೌನವಾಗಿ ಓದುವ ದೊಡ್ಡವರ ಸರಾಸರಿ ವೇಗ ನಿಮಿಷಕ್ಕೆ 240 ಪದಗಳ ಆಸುಪಾಸು. ಪ್ರತ್ಯಯಗಳೆಲ್ಲ ಒಂದೇ ಪದಕ್ಕೆ ಅಂಟಿಕೊಳ್ಳುವ ಭಾಷೆಗಳಲ್ಲಿ ಪದಗಳೇ ಉದ್ದ, ಹಾಗಾಗಿ ಪದಗಳ ಎಣಿಕೆ ಇನ್ನೂ ಕಡಿಮೆ ಬರುತ್ತದೆ. ಅದು ನಿಧಾನವಲ್ಲ.

ಪರದೆಯ ಮೇಲೆ ನಾವು ದಿನವಿಡೀ ಮಾಡುವುದು ಇದಲ್ಲ, ಜಾಲಾಡುವುದು. ಮೇಲಿನ ಎರಡು ಸಾಲು, ಆಮೇಲೆ ಎಡ ಅಂಚಿನಲ್ಲೇ ಕೆಳಕ್ಕೆ, ಕಣ್ಣಿಗೆ ಬಿದ್ದ ಒಂದು ಅಂಕಿ ಅಥವಾ ಹೆಸರು, ಮುಂದಿನದು. ಬರುವ ಸಂದೇಶಗಳ ರಾಶಿಗೆ ಅದು ಸರಿಯಾದ ವಿಧಾನವೇ. ತೊಂದರೆ ಏನೆಂದರೆ, ವರ್ಷಗಟ್ಟಲೆ ಹಾಗೆ ಮಾಡಿದ ಕಣ್ಣು ಕಾದಂಬರಿಯ ಪುಟದ ಮೇಲೂ ಅದನ್ನೇ ಮಾಡುತ್ತದೆ. ವಿವರಣೆಯ ಪ್ಯಾರಾಗಳನ್ನು ಹಾರಿ ಸಂಭಾಷಣೆಗೆ ಹೋಗುತ್ತದೆ. ಪ್ಯಾರಾದಲ್ಲಿದ್ದ ಸುಳಿವು ತಪ್ಪುತ್ತದೆ, ಸಂಭಾಷಣೆ ಅರ್ಥವಾಗುವುದಿಲ್ಲ, ಪುಸ್ತಕ ಬೋರು ಎನ್ನಿಸುತ್ತದೆ. ಬೋರಾದದ್ದು ಪುಸ್ತಕವಲ್ಲ, ಅರ್ಧ ಓದಿದ ಪುಸ್ತಕ.

ಓದಿನ ನರವಿಜ್ಞಾನವನ್ನೇ ಬದುಕಿಡೀ ಅಧ್ಯಯನ ಮಾಡಿದ ಮೇರಿಯಾನ್ ವುಲ್ಫ್ ಅವರಿಗೂ ಇದು ಆಯಿತು ಎಂಬುದು ಸಮಾಧಾನದ ಸಂಗತಿ. ಯೌವನದಲ್ಲಿ ತಾವು ತುಂಬ ಮೆಚ್ಚಿದ್ದ ಕಾದಂಬರಿಯನ್ನು ಮತ್ತೆ ಹಿಡಿದಾಗ ಅದು ಒಳಗಿಳಿಯಲೇ ಇಲ್ಲ, ವಾಕ್ಯಗಳು ಅನಗತ್ಯವಾಗಿ ತೊಡಕು ಎನ್ನಿಸಿದವು ಎಂದು ಅವರೇ ಬರೆದಿದ್ದಾರೆ. ಆಮೇಲೆ ದಿನಕ್ಕೆ 20 ನಿಮಿಷದಂತೆ ಹಟ ಹಿಡಿದು ಓದಿದರು. ಹಳೆಯ ಓದಿನ ಗತಿ ಮರಳಲು ಸುಮಾರು ಎರಡು ವಾರ ಹಿಡಿಯಿತು. ಎಲ್ಲರಿಗೂ ಎರಡೇ ವಾರ ಎಂದಲ್ಲ. ಆದರೆ ಮೊದಲ ಮೂರು ನಾಲ್ಕು ದಿನದ ಒದ್ದಾಟವನ್ನು ನೋಡಿ ತೀರ್ಪು ಕೊಡಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಲವತ್ತು ದಾಟಿದವರಿಗೆ ಇನ್ನೊಂದು ಮಾತು, ಇದನ್ನು ಹೇಳುವವರು ಕಡಿಮೆ. ಮನಸ್ಸಿನ ದೋಷ ಹುಡುಕುವ ಮೊದಲು ಕಣ್ಣು ಪರೀಕ್ಷಿಸಿಕೊಳ್ಳಿ. ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರ ಗಡುಸಾಗುತ್ತ ಹೋಗಿ, ಓದುವ ಅಂತರದಲ್ಲಿ, ಅಂದರೆ 35-40 ಸೆಂಟಿಮೀಟರ್ ದೂರದಲ್ಲಿ, ಅಕ್ಷರ ನಿಲ್ಲುವುದಿಲ್ಲ. ಚಾಳೀಸು ಒಂದೇ ದಿನಕ್ಕೆ ಬರುವುದಿಲ್ಲ, ಅದೇ ಅದರ ಕಿತಾಪತಿ. ಅಕ್ಷರ ಮಂಜಾಗುವ ಮುಂಚೆಯೇ ಹದಿನೈದು ನಿಮಿಷಕ್ಕೆ ಹುಬ್ಬಿನ ಮೇಲೆ ಭಾರ, ಸಂಜೆಯ ಓದಿಗೆ ಸುಸ್ತು, ಪುಸ್ತಕವನ್ನು ಗೊತ್ತಿಲ್ಲದೆ ದೂರ ಹಿಡಿಯುವುದು ಶುರುವಾಗಿರುತ್ತದೆ. ಮಂದ ಬೆಳಕಿನಲ್ಲಿ ಪಾಪೆ ಹಿಗ್ಗಿ ಸ್ಪಷ್ಟವಾಗಿ ಕಾಣುವ ಆಳ ಇನ್ನೂ ಕಿರಿದಾಗುವುದರಿಂದ ರಾತ್ರಿ ಓದುವವರಿಗೆ ಇದು ಮೊದಲು ತಟ್ಟುತ್ತದೆ. ಓದಿನಲ್ಲಿ ಆಸಕ್ತಿ ಹೋಯಿತು ಎನ್ನುವ ಎಷ್ಟೋ ಜನರಿಗೆ ಬೇಕಿರುವುದು ಒಂದು ಓದುವ ಕನ್ನಡಕ ಮತ್ತು ಭುಜದ ಹಿಂದಿನಿಂದ ಪುಟದ ಮೇಲೆ ನೇರ ಬೀಳುವ ದೀಪ. ಸೂರಿನ ನಡುವಿನ ಒಂಟಿ ದೀಪದಲ್ಲಿ ಓದುವವರದೇ ನೆರಳು ಪುಟದ ಮೇಲೆ ಬಿದ್ದಿರುತ್ತದೆ.

ಮೊದಲ ಹದಿನೈದು ದಿನ

ಪ್ರಮಾಣದಿಂದ ಶುರು ಮಾಡೋಣ. ದಿನಕ್ಕೆ 20 ನಿಮಿಷ ಸಾಕು, ಅದಕ್ಕಿಂತ ಹೆಚ್ಚು ಮೊದಲ ವಾರದಲ್ಲಿ ಬೇಡವೂ ಬೇಡ. ತಿಂಗಳುಗಟ್ಟಲೆ ಮಲಗಿದ್ದು ಎದ್ದವರು ಮೊದಲ ದಿನವೇ ಬೆಟ್ಟ ಹತ್ತುವುದಿಲ್ಲ. ಭಾನುವಾರ ಮೂರು ಗಂಟೆ ಕೂತು ಓದುತ್ತೇನೆ ಎನ್ನುವ ಯೋಜನೆ ಎರಡು ಕಾರಣಕ್ಕೆ ಬೀಳುತ್ತದೆ: ಅಷ್ಟು ಹೊತ್ತು ಕೂರುವ ಕಸುವು ಇನ್ನೂ ಬಂದಿರುವುದಿಲ್ಲ, ಮತ್ತು ಮುಂದಿನ ಭಾನುವಾರದ ಹೊತ್ತಿಗೆ ಕತೆಯ ಎಳೆ ಪೂರ್ತಿ ಕೈಜಾರಿರುತ್ತದೆ. ಕಾದಂಬರಿಯನ್ನು ನಾಲ್ಕು ದಿನ ಮುಟ್ಟದಿದ್ದರೆ ಮತ್ತೆ ಒಳಹೊಗಲು ಬೇಕಾದ ಶ್ರಮವೇ ಓದಿನಷ್ಟಾಗುತ್ತದೆ.

ನಿಮ್ಮ ಗತಿ ಎಷ್ಟೆಂದು ಒಮ್ಮೆ ಅಳೆದುಕೊಳ್ಳಿ. ಸಾಧಾರಣ ಕತೆಪುಸ್ತಕ ಒಂದರ ನಡುವಿನ ಹತ್ತು ಪುಟಗಳನ್ನು ಅವಸರವಿಲ್ಲದೆ ಓದಿ ಗಡಿಯಾರ ನೋಡಿ. ಪುಟಕ್ಕೆ ಎರಡೂವರೆ ನಿಮಿಷ ಹಿಡಿದರೆ 20 ನಿಮಿಷಕ್ಕೆ ಎಂಟು ಪುಟ, 200 ಪುಟದ ಪುಸ್ತಕ 25 ದಿನಕ್ಕೆ ಮುಗಿಯುತ್ತದೆ. ವರ್ಷಕ್ಕೆ ಹದಿನಾಲ್ಕು ಪುಸ್ತಕ. ಈ ಲೆಕ್ಕ ಹಾಕುವುದು ಗುರಿ ಇಟ್ಟುಕೊಳ್ಳಲು ಅಲ್ಲ, ಇಷ್ಟು ಸ್ವಲ್ಪದಿಂದ ಏನಾಗುತ್ತದೆ ಎಂಬ ಅನುಮಾನ ಬಿಡಿಸಿಕೊಳ್ಳಲು. ಲೆಕ್ಕ ಹಾಕಿ ಮರೆತುಬಿಡಿ.

ಯಾವಾಗ ಎಂಬುದನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ದಿನವೂ ತಪ್ಪದೆ ನಡೆಯುವ ಇನ್ನೊಂದು ಕೆಲಸಕ್ಕೆ ಕಟ್ಟುವುದು ಗಟ್ಟಿ. ಬೆಳಗ್ಗೆ ಲೋಟ ಕೆಳಗಿಟ್ಟ ಮೇಲೆ, ಕೆಲಸದಿಂದ ಬಂದು ಬಟ್ಟೆ ಬದಲಿಸಿದ ಮೇಲೆ, ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ. ‘ಇದಾದ ಮೇಲೆ ಅದು’ ಎಂದು ಮೊದಲೇ ನಿರ್ಧರಿಸಿಟ್ಟವರು ಬರೀ ಮಾಡುತ್ತೇನೆ ಎಂದುಕೊಂಡವರಿಗಿಂತ ಹೆಚ್ಚು ಸಲ ಮಾಡಿ ಮುಗಿಸುತ್ತಾರೆ ಎಂಬುದು ಮನಶ್ಶಾಸ್ತ್ರದಲ್ಲಿ ಹಲವು ಸಲ ಪರೀಕ್ಷೆಯಾದ ವಿಷಯ. ರೂಢಿ 21 ದಿನಕ್ಕೆ ಆಗುತ್ತದೆ ಎಂಬ ಜನಪ್ರಿಯ ಮಾತಿಗೆ ಮಾತ್ರ ಆಧಾರವಿಲ್ಲ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಕೆಲಸವೊಂದು ಯೋಚಿಸದೆ ನಡೆಯುವಂತಾಗಲು ಬೇಕಾದದ್ದು 18ರಿಂದ 254 ದಿನ, ನಡುಬಿಂದು 66. ಆ ಅಧ್ಯಯನದ ಇನ್ನೊಂದು ಸಂಗತಿ ಹೆಚ್ಚು ಉಪಯೋಗದ್ದು: ನಡುವೆ ಒಂದು ದಿನ ತಪ್ಪಿದರೆ ಹೇಳುವಂಥ ನಷ್ಟವೇನೂ ಆಗಲಿಲ್ಲ. ಒಂದು ದಿನ ತಪ್ಪಿತೆಂದು ಇಡೀ ಪ್ರಯತ್ನ ಕೈಬಿಡುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಹಾಸಿಗೆಯ ಓದು ಬಹಳ ಜನರಿಗೆ ಇಷ್ಟ. ಓದು ಚೆನ್ನಾಗಿ ಮರಳಿದ ಮೇಲೆ ಅದು ಒಳ್ಳೆಯದೇ. ಮೊದಲ ಹದಿನೈದು ದಿನ ಮಾತ್ರ ಅದನ್ನೊಂದನ್ನೇ ನಂಬಬೇಡಿ. ದಣಿದ ಕಣ್ಣಿಗೆ ಎರಡು ಪುಟದಲ್ಲಿ ನಿದ್ದೆ ಬರುತ್ತದೆ, ದಿನವೂ ಅದೇ ಎರಡು ಪುಟ ಓದಿ ಕತೆ ಮುಂದೆ ಹೋಗುವುದಿಲ್ಲ, ಪುಸ್ತಕ ಎಂದರೆ ನಿದ್ದೆ ಎಂದು ಮೈ ಕಲಿತುಬಿಡುತ್ತದೆ.

ಮೊಬೈಲನ್ನು ಮಗುಚಿ ಪಕ್ಕದಲ್ಲಿ ಇಡುವುದು ಸಾಲದು, ಇನ್ನೊಂದು ಕೋಣೆಯಲ್ಲಿ ಇಡಬೇಕು. ಸದ್ದು ಮಾಡುತ್ತದೆ ಎಂಬುದಕ್ಕಲ್ಲ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದಂತೆ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ, ಅದರಲ್ಲೂ ಹಿಂದಿನ ಕೆಲಸ ಮುಗಿದಿಲ್ಲವಾದರೆ. ಅರ್ಧ ಬರೆದ ಉತ್ತರವೊಂದು ತಲೆಯಲ್ಲಿ ಇರುವಾಗ ತೆರೆದ ಪುಸ್ತಕ ಒಳಗೆ ಇಳಿಯದಿರುವುದಕ್ಕೆ ಕಾರಣ ಇದು. ಓದಲು ಕೂರುವ ಮುನ್ನ ಬಾಕಿ ಇರುವುದನ್ನು ಒಂದು ಚೀಟಿಯಲ್ಲಿ ಗೀಚಿಟ್ಟು ಕೂತರೆ ಅದರ ಕಾಟ ಎಷ್ಟೋ ಕಡಿಮೆಯಾಗುತ್ತದೆ. ಓದುವಾಗ ಏನೋ ಹುಡುಕಬೇಕೆನಿಸಿದರೂ ಅದೇ ಚೀಟಿಗೆ ಹಾಕಿ, ಆಮೇಲೆ ನೋಡಿದರಾಯಿತು.

ಕಾಗದವೋ ಪರದೆಯೋ ಎಂಬ ಜಗಳಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. 2018ರಲ್ಲಿ ಪ್ರಕಟವಾದ, 54 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ವಿಶ್ಲೇಷಣೆಯಲ್ಲಿ ಮಾಹಿತಿಯ ಬರಹಗಳಿಗೆ ಕಾಗದವೇ ಸ್ವಲ್ಪ ಮೇಲು ಎಂದು ಕಂಡಿತು. ಅವಸರದಲ್ಲಿ ಓದಬೇಕಾದಾಗ ಅಂತರ ಇನ್ನೂ ಹೆಚ್ಚಿತ್ತು, ಕತೆಗಳಲ್ಲಿ ಮಾತ್ರ ಅಂಥ ಅಂತರ ಕಾಣಲಿಲ್ಲ. ಹಾಗಾಗಿ ಕಾದಂಬರಿಯನ್ನು ಇ-ರೀಡರಿನಲ್ಲಿ ಓದಲು ಅಡ್ಡಿಯಿಲ್ಲ. ಮೊಬೈಲಿನಲ್ಲೇ ಓದುವುದು ಬೇಡವೆನ್ನುವುದು ಪರದೆಯ ಕಾರಣಕ್ಕಲ್ಲ, ಪುಸ್ತಕದ ಅಕ್ಕಪಕ್ಕದಲ್ಲಿ ವಾಸವಾಗಿರುವವರ ಕಾರಣಕ್ಕೆ. ಇ-ರೀಡರಿನಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿಕೊಳ್ಳಿ: ಸಾಲುಗಳ ನಡುವಿನ ಜಾಗ ಹೆಚ್ಚಿಸಿ. ಒತ್ತಕ್ಷರಗಳು ಕೆಳಗೆ ಇಳಿಯುವ ನಮ್ಮ ಲಿಪಿಗೆ ರೋಮನ್ ಲಿಪಿಗೆ ಹೊಂದಿಸಿಟ್ಟ ಅಂತರ ಸಾಲುವುದಿಲ್ಲ, ಒಂದು ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗಿ ಕಣ್ಣು ಸಾಲು ತಪ್ಪುತ್ತದೆ.

ಯಾವ ಪುಸ್ತಕ

ಇಲ್ಲಿ ಎಡವುವವರೇ ಹೆಚ್ಚು. ಇಷ್ಟು ವರ್ಷ ಓದದ್ದಕ್ಕೆ ದಂಡ ತೆರುವವರ ಹಾಗೆ, ಓದಲೇಬೇಕಾದ ಪುಸ್ತಕಗಳ ಪಟ್ಟಿಯ ತುದಿಯಿಂದ ಶುರು ಮಾಡುತ್ತಾರೆ. ಮೊದಲ ಪುಸ್ತಕಕ್ಕೆ ಬೇಕಾದ ಗುಣ ಮೂರೇ: 150 ಪುಟದ ಒಳಗಿರಬೇಕು, ಅಧ್ಯಾಯಗಳು ಹತ್ತು ಪುಟ ಮೀರಬಾರದು, ಮುಂದೇನಾಯಿತು ಎಂದು ಎಳೆಯಬೇಕು. ಭಾಷೆ ಕಷ್ಟವೋ ಎಂದು ತಿಳಿಯಲು ಯಾವುದಾದರೂ ಪುಟ ತೆರೆದು ಗೊತ್ತಿಲ್ಲದ ಪದಗಳನ್ನು ಎಣಿಸಿ. ನಿಘಂಟಿನ ನೆರವಿಲ್ಲದೆ ಸುಖವಾಗಿ ಓದಲು ನೂರಕ್ಕೆ 98 ಪದಗಳಾದರೂ ತಿಳಿದಿರಬೇಕು ಎನ್ನುವುದು ಪದಸಂಪತ್ತಿನ ಸಂಶೋಧಕ ಪಾಲ್ ನೇಶನ್ ಮತ್ತು ಸಂಗಡಿಗರ ಲೆಕ್ಕ. ಇನ್ನೂರು ಪದದ ಪುಟದಲ್ಲಿ ಐದಾರು ಅಪರಿಚಿತ ಪದ ಸಿಕ್ಕರೆ ಆ ಪುಸ್ತಕ ಆರು ತಿಂಗಳು ಕಾಯಲಿ.

ಚಿಕ್ಕಂದಿನಲ್ಲಿ ಮೆಚ್ಚಿದ್ದನ್ನೇ ಮತ್ತೆ ಓದುವುದು ಒಳ್ಳೆಯ ದಾರಿ, ಕತೆ ಗೊತ್ತಿರುವುದರಿಂದ ಎಳೆ ತಪ್ಪಿದರೂ ಬೀಳುವುದಿಲ್ಲ. ಆದರೆ ಒಂದು ಅಪಾಯ ಇದೆ. ಹನ್ನೆರಡರಲ್ಲಿ ಕಂಡಿದ್ದ ಪುಸ್ತಕ ಈಗ ಪೇಲವವಾಗಿ ಕಂಡರೆ ನೆನಪೂ ಕೆಡುತ್ತದೆ. ಹಳೆಯ ಪುಸ್ತಕ ಅರ್ಧದಲ್ಲೇ ಸಪ್ಪೆ ಎನ್ನಿಸಿದರೆ ಅಲ್ಲೇ ಮುಚ್ಚಿ ಅದೇ ಬಗೆಯ ಬೇರೆಯದನ್ನು ಹಿಡಿಯುವುದು ಜಾಣತನ. ಸಣ್ಣಕತೆಗಳು ಚಿಕ್ಕವು, ಆದ್ದರಿಂದ ಸುಲಭ ಎಂಬುದು ಪೂರ್ತಿ ಸರಿಯಲ್ಲ. ಪ್ರತಿ ಕತೆಯೂ ಹೊಸ ಊರು, ಹೊಸ ಜನ. ಪುಸ್ತಕದ ಅತಿ ಕಷ್ಟದ ಭಾಗವಾದ ಮೊದಲ ಐದು ಪುಟಗಳನ್ನು ಮತ್ತೆ ಮತ್ತೆ ದಾಟಬೇಕು. ಒಂದೇ ಪಾತ್ರ ಕತೆಯಿಂದ ಕತೆಗೆ ಬರುವ ಸಂಕಲನಗಳು ಇಲ್ಲಿ ಒದಗಿಬರುತ್ತವೆ.

ಓದು ಹಿಡಿಸದಿದ್ದರೆ ಬಿಡುವುದಕ್ಕೂ ಒಂದು ಅಳತೆ ಇರಲಿ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ಸೂತ್ರ ಪ್ರಸಿದ್ಧ: ಯಾವ ಪುಸ್ತಕಕ್ಕೂ 50 ಪುಟ ಅವಕಾಶ ಕೊಡಿ, ಐವತ್ತು ದಾಟಿದವರು ನೂರರಲ್ಲಿ ತಮ್ಮ ವಯಸ್ಸು ಕಳೆದು ಉಳಿದಷ್ಟು ಪುಟ ಕೊಟ್ಟರೆ ಸಾಕು. ಅರವತ್ತೈದರವರಿಗೆ 35 ಪುಟ. ಮರಳಿ ಓದಲು ಶುರು ಮಾಡಿದವರಿಗೆ ಐವತ್ತೂ ಹೆಚ್ಚೇ, ಮೂವತ್ತಕ್ಕೆ ನಿಲ್ಲಿಸಬಹುದು. ಮುಗಿಸದ ಪುಸ್ತಕವನ್ನು ಮೇಜಿನ ಮೇಲೆ ಬಿಡಬಾರದು, ಕಪಾಟಿಗೆ ಸೇರಿಸಬೇಕು. ಕಣ್ಣೆದುರು ಕೂತ ಅರ್ಧ ಪುಸ್ತಕ ಇನ್ನೊಂದನ್ನು ಎತ್ತಿಕೊಳ್ಳಲು ಬಿಡುವುದಿಲ್ಲ, ಓದು ನಿಂತುಹೋಗುವುದು ಬಹುಪಾಲು ಇಂಥದೇ ಒಂದು ಪುಸ್ತಕದ ಅರವತ್ತನೇ ಪುಟದಲ್ಲಿ.

ಶಾಲೆಯಲ್ಲಿ ಓದಿದ ಮಾಧ್ಯಮ ಒಂದು, ಮನೆಮಾತು ಇನ್ನೊಂದು ಆದವರಿಗೆ ಬೇರೆಯೇ ತೊಡಕಿದೆ. ಮನೆಮಾತಿನಲ್ಲಿ ಮಾತು ನಿರರ್ಗಳ, ಓದು ಮಾತ್ರ ಆರನೇ ತರಗತಿಯಲ್ಲಿ ನಿಂತಂತೆ. ಹಾಸ್ಯ, ವ್ಯಂಗ್ಯ ಎಲ್ಲ ಕಿವಿಗೆ ಗೊತ್ತು, ಕಣ್ಣು ಅಲ್ಲಿಗೆ ತಲುಪುವಷ್ಟರಲ್ಲಿ ರಸ ಆರಿರುತ್ತದೆ. ನಿಧಾನದಿಂದಾದ ಈ ಬೇಸರವನ್ನು ಸಾಹಿತ್ಯದ ಮೇಲೆ ಹೊರಿಸುವುದು ಅನ್ಯಾಯ. ಇವರು ಮೊದಲ ಎರಡು ವಾರ ದಿನಕ್ಕೆ ಎರಡು ಪುಟ ಗಟ್ಟಿಯಾಗಿ ಓದಬೇಕು. ಕಿವಿಗೆ ಗೊತ್ತಿರುವ ಪದವನ್ನು ಕಣ್ಣಿಗೆ ಪರಿಚಯಿಸಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಸಂಭಾಷಣೆ ಹೆಚ್ಚಿರುವ ನಾಟಕ, ಹರಟೆ, ಹಾಸ್ಯ ಬರಹಗಳಿಂದ ಶುರು ಮಾಡಿದರೆ ವೇಗ ಬೇಗ ಏರುತ್ತದೆ. ಆಡಿಯೋಬುಕ್ ಕೇಳುತ್ತಾ ಅದೇ ಪುಟವನ್ನು ಕಣ್ಣಿನಿಂದ ಹಿಂಬಾಲಿಸುವುದೂ ಇವರಿಗೆ ಚೆನ್ನಾಗಿ ಒಗ್ಗುತ್ತದೆ.

ಸಾಗುತ್ತಿರುವಾಗ

ಓದು ನಿಲ್ಲಿಸುವ ಜಾಗ ಅಧ್ಯಾಯದ ಕೊನೆಯಲ್ಲದೆ ದೃಶ್ಯದ ನಡುವೆ ಇರಲಿ. ಅಧ್ಯಾಯ ಮುಗಿದಲ್ಲಿ ಕತೆ ಉಸಿರು ಬಿಟ್ಟಿರುತ್ತದೆ, ಮರುದಿನ ಮತ್ತೆ ತಳ್ಳಿ ಹೊರಡಿಸಬೇಕು. ಬಾಗಿಲು ತಟ್ಟಿದ್ದು ಯಾರೆಂದು ಗೊತ್ತಾಗದಿರುವಾಗ ಮುಚ್ಚಿಟ್ಟರೆ ಮರುದಿನ ಪುಸ್ತಕವೇ ಕರೆಯುತ್ತದೆ. ಮತ್ತೆ ತೆರೆದಾಗ ನಿಲ್ಲಿಸಿದ ಸಾಲಿನಿಂದಲ್ಲ, ಅರ್ಧ ಪುಟ ಹಿಂದಿನಿಂದ ಓದಿ. ಪಾತ್ರಗಳು ಎಂಟು ಹತ್ತು ದಾಟುವ ಕಾದಂಬರಿಯಾದರೆ ಪುಟಗುರುತಿನ ಚೀಟಿಯ ಮೇಲೆ ಹೆಸರು ಮತ್ತು ಮೂರು ಪದದ ಗುರುತು ಬರೆದಿಡಿ: ಯಾರ ಮಗ, ಯಾರ ಮೇಲೆ ಸಿಟ್ಟು. ಪರಭಾಷೆಯ ಅನುವಾದಗಳಲ್ಲಿ ಇದು ಅನಿವಾರ್ಯ. ಅಲ್ಲಿ ಒಬ್ಬನೇ ವ್ಯಕ್ತಿಗೆ ಮೂರು ಹೆಸರಿದ್ದು, ಮೂವರು ಎಂದುಕೊಂಡೇ ನೂರು ಪುಟ ಕಳೆದವರುಂಟು.

ವರ್ಷಕ್ಕೆ ಐವತ್ತು ಪುಸ್ತಕ ಎಂಬಂಥ ಸಂಕಲ್ಪ ಎರಡು ಕೇಡು ಮಾಡುತ್ತದೆ. ತೆಳು ಪುಸ್ತಕಗಳನ್ನೇ ಆರಿಸುವಂತೆ ಮಾಡುತ್ತದೆ, ಮತ್ತು ಶಿಶುವಿಹಾರದ ಆ ಮಕ್ಕಳ ಸಾಲಿಗೆ ನಮ್ಮನ್ನೂ ಸೇರಿಸುತ್ತದೆ. ಓದಿದ್ದನ್ನು ಒಬ್ಬರ ಜೊತೆ ಮಾತಾಡುವುದು ಚೆಂದ, ಓದಿದ ಪುಸ್ತಕದ ಫೋಟೋ ಹಾಕಿ ಲೆಕ್ಕ ತೋರಿಸುವುದು ಬೇರೆ ಆಟ. ಪುಸ್ತಕ ಕೊಳ್ಳುವುದನ್ನೇ ಓದು ಎಂದುಕೊಳ್ಳುವ ಕಾಯಿಲೆಯೂ ಹರಡಿದೆ. ಕೊಂಡ ಕ್ಷಣದ ಖುಷಿಯಲ್ಲೇ ಅರ್ಧ ಹಸಿವು ತೀರುತ್ತದೆ. ಒಂದು ಮುಗಿಸಿ ಇನ್ನೊಂದು ತರುವುದು, ಇಲ್ಲವೇ ಹಿಂದಿರುಗಿಸುವ ದಿನಾಂಕ ಇರುವ ಗ್ರಂಥಾಲಯದ ಪುಸ್ತಕ, ಎರಡೂ ಈ ಕಾಯಿಲೆಗೆ ಮದ್ದು. ಹತ್ತು ನಿಮಿಷದಲ್ಲಿ ಪುಸ್ತಕದ ಸಾರ ಕೊಡುವ ಆ್ಯಪ್‌ಗಳು ಮಾಹಿತಿಯ ಪುಸ್ತಕ ಆರಿಸಲು ಉಪಯೋಗವಾಗಬಹುದು. ಕಾದಂಬರಿಯ ಸಾರ ಓದುವುದರಲ್ಲಿ ಅರ್ಥವಿಲ್ಲ.

ಓದು ಮರಳಿದೆ ಎಂಬುದರ ಗುರುತುಗಳು ಸಣ್ಣವು. ಪುಟದ ಸಂಖ್ಯೆ ನೋಡುವುದು ನಿಂತಿರುತ್ತದೆ. 20 ನಿಮಿಷಕ್ಕೆಂದು ಕೂತದ್ದು 35 ಆಗಿರುತ್ತದೆ. ವಿವರಣೆಯ ಪ್ಯಾರಾ ಹಾರದೆ ಓದಿದ್ದೇನೆ ಎಂಬುದು ಓದಿ ಆದಮೇಲೆ ತಿಳಿಯುತ್ತದೆ. ಇಷ್ಟಾದ ಮೇಲೆ ಪ್ರಮಾಣ ಹೆಚ್ಚಿಸಬಹುದು, ಕಾಯಲು ಇಟ್ಟಿದ್ದ ದಪ್ಪ ಪುಸ್ತಕವನ್ನು ತೆರೆಯಬಹುದು. ಅಲ್ಲೊಂದು ಅಚ್ಚರಿಯೂ ಕಾದಿರುತ್ತದೆ. ಮರಳಿ ಬಂದ ರುಚಿ ಹೋದ ರುಚಿಯೇ ಆಗಿರಬೇಕೆಂದಿಲ್ಲ. ಹದಿನಾರರಲ್ಲಿ ಕಾದಂಬರಿ ಬಿಟ್ಟು ಬೇರೆ ಮುಟ್ಟದವರು ನಲವತ್ತರಲ್ಲಿ ಪ್ರವಾಸ ಕಥನ, ಆತ್ಮಕಥೆ, ಹಕ್ಕಿಗಳ ಬಗ್ಗೆ, ರೈಲುಮಾರ್ಗಗಳ ಚರಿತ್ರೆಯ ಬಗ್ಗೆ ಓದುತ್ತ ಕೂರುತ್ತಾರೆ. ಕಾದಂಬರಿ ಇನ್ನೂ ರುಚಿಸುತ್ತಿಲ್ಲ ಎಂದು ಕೊರಗುವವರು ಕಪಾಟಿನ ಇನ್ನೊಂದು ಸಾಲಿಗೆ ಹೋಗಿ ನೋಡಿರುವುದೇ ಇಲ್ಲ.

ಮತ್ತೆ ತಪ್ಪುವ ಕಾಲವೂ ಬರುತ್ತದೆ. ಮನೆಯಲ್ಲಿ ಕಾಯಿಲೆ, ಹೊಸ ಕೆಲಸ, ಕೈಕೂಸು. ಎರಡು ತಿಂಗಳು ಒಂದು ಪುಟವೂ ಆಗುವುದಿಲ್ಲ. ಆಗ ನಿಲ್ಲಿಸಿದ್ದ ಪುಸ್ತಕಕ್ಕೇ ಹಿಂತಿರುಗಲು ಹೋಗಬೇಡಿ, ಅದರ ಎಳೆ ಹೋಗಿರುತ್ತದೆ. ಇಂಥ ದಿನಕ್ಕೆಂದೇ ನೂರು ಪುಟ ಮೀರದ, ಇನ್ನೂ ಓದಿರದ ಪುಸ್ತಕವೊಂದನ್ನು ಕಪಾಟಿನಲ್ಲಿ ಬೇರೆ ಎತ್ತಿಟ್ಟಿರಿ. ಶುರು ಮಾಡುವುದು ಅದರಿಂದ, ದಿನಕ್ಕೆ ಹತ್ತು ನಿಮಿಷ. ಅದು ಮುಗಿದ ವಾರವೇ ಅಂಥದ್ದೇ ಇನ್ನೊಂದನ್ನು ಅದೇ ಜಾಗಕ್ಕೆ ತಂದಿಡಿ.